ಚಾಮರಾಜಪುರಂನಲ್ಲಿ ಇಳಿದು ಗಂಗೋತ್ರಿಗೆ

ನಂಜನಗೂಡು ಟೌನ್ ಸ್ಟೇಷನ್ ಬಿಟ್ಟ ರೈಲು ಸ್ವಲ್ಪ ಹೊತ್ತಿಗೇ ಕಪಿಲೆಯ ಮೇಲೆ ಬರುತ್ತದೆ. ಕಿಟಕಿ ಪಕ್ಕದ ಸೀಟು ಸಿಕ್ಕಿದ್ದರೆ ಹಳೆಯ ಕಲ್ಲಿನ ಸೇತುವೆ ಕಾಣುತ್ತದೆ. 1735ರಲ್ಲಿ, ದಳವಾಯಿಗಳ ಕಾಲದಲ್ಲಿ ಕಟ್ಟಿದ್ದು. ಈಗ ಅದರ ಮೇಲೆ ರೈಲು ಓಡುವುದಿಲ್ಲ. ನಾನು ಹುಟ್ಟಿದ ಊರು ನಂಜನಗೂಡು, ಮದುವೆಯಾಗಿ ಹೋದದ್ದೂ ಅದೇ ಊರಿನ ಇನ್ನೊಂದು ಬೀದಿಗೆ. ಆದರೂ ಆ ಸೇತುವೆಯನ್ನು ಸರಿಯಾಗಿ ನೋಡಿದ್ದು ನಲವತ್ತನಾಲ್ಕನೇ ವಯಸ್ಸಿನಲ್ಲಿ, ಎಂಎಸ್ಸಿ ಸೈಕಾಲಜಿಗೆ ಸೇರಿ ದಿನಾ ಮೈಸೂರಿಗೆ ಓಡಾಡಲು ಶುರು ಮಾಡಿದ ಮೇಲೆ.

ಬಿಎದಲ್ಲಿ ನನಗೆ ಮನಶ್ಶಾಸ್ತ್ರ ಒಂದು ವಿಷಯವಾಗಿತ್ತು. ಮುಂದೆ ಓದುವ ಆಸೆಯೂ ಇತ್ತು. ಆಮೇಲೆ ಮದುವೆ, ಮಗಳು, ಮಾವನವರ ಕಾಯಿಲೆ, ಒಂದು ಖಾಸಗಿ ಶಾಲೆಯಲ್ಲಿ ಪಾಠ. ಹೀಗೆ ಇಪ್ಪತ್ತೆರಡು ವರ್ಷ ಹೋಯಿತು. ಮಗಳು ಪಿಯುಸಿಗೆ ಬಂದ ವರ್ಷ ಪ್ರವೇಶ ಪರೀಕ್ಷೆ ಬರೆದೆ, ಸೀಟು ಸಿಕ್ಕಿತು. ನಮ್ಮ ಯಜಮಾನರು, "ಓದು, ನಂದೇನೂ ಅಭ್ಯಂತರ ಇಲ್ಲ. ನನ್ನ ಮೇಲೆ ಮಾತ್ರ ಪ್ರಯೋಗ ಮಾಡ್ಬೇಡ" ಅಂದರು. ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಾಳೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತದೆ, "ಹುಚ್ಚರ ವಿಷಯ ಓದ್ಬೇಕಾ? ಬೇರೇನೂ ಸಿಗ್ಲಿಲ್ವೇನೇ ನಿಂಗೆ?" ಅಂದಳು. ಹಳೇ ಕಾಲದವರು, ಹಾಗೇ ಹೇಳೋದು ಅಂದುಕೊಂಡು ಸುಮ್ಮನಾದೆ.

ಮೈಸೂರು 25 ಕಿಲೋಮೀಟರಿನ ಆಸುಪಾಸು. ಕಡಕೊಳ, ಅಶೋಕಪುರಂ ದಾಟಿದರೆ ಚಾಮರಾಜಪುರಂ. ನಗರದ ನಡುವೆ ಇರುವ ಸಣ್ಣ ಸ್ಟೇಷನ್ನು. ನೌಕರಿಗೆ ಹೋಗುವವರು, ಕಾಲೇಜು ಹುಡುಗರು, ಬುಟ್ಟಿಯಲ್ಲಿ ಹೂವು ಬಾಳೆಎಲೆ ಇಟ್ಟುಕೊಂಡ ಹೆಂಗಸರು ಒಟ್ಟಿಗೇ ಇಳಿದು ಎರಡು ನಿಮಿಷದಲ್ಲಿ ಚದುರಿಹೋಗುತ್ತಾರೆ. ಅಲ್ಲಿಂದ ಆಟೊ ಹಿಡಿಯಬಹುದು. ನಾನು ಸಾಧ್ಯವಾದ ದಿನವೆಲ್ಲ ನಡೆದೇ ಹೋಗುತ್ತಿದ್ದೆ. ಕೃಷ್ಣರಾಜ ಬುಲೆವಾರ್ಡಿನ ದೊಡ್ಡ ಮರಗಳ ಕೆಳಗೆ, ಮಹಾರಾಜ ಕಾಲೇಜಿನ ಹತ್ತಿರದಿಂದ ಕ್ರಾಫರ್ಡ್ ಹಾಲ್ ಮುಂದೆ ಹಾದು, ಕುಕ್ಕರಹಳ್ಳಿ ಕೆರೆ ಏರಿ ಹಿಡಿದರೆ ಆಚೆಗೆ ಮಾನಸಗಂಗೋತ್ರಿ. ಮೈಸೂರಿನವರು ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ. "ಗಂಗೋತ್ರಿಗೆ ಹೋಗ್ಬೇಕು" ಅಂದರೆ ಆಟೊದವರು ಹಿಮಾಲಯಕ್ಕೇನೂ ಕರೆದೊಯ್ಯುವುದಿಲ್ಲ.

ಆ ಹೆಸರು ಇಟ್ಟವರು ಕುವೆಂಪು, ಅವರು ಕುಲಪತಿಗಳಾಗಿದ್ದ ಕಾಲದಲ್ಲಿ. ಮನಸ್ಸನ್ನು ಓದುವವಳಿಗೆ ಹೆಸರಿನಲ್ಲೇ ಮಾನಸ ಇರುವ ಜಾಗ ಸಿಕ್ಕಿತಲ್ಲ ಎಂದು ಮೊದಲ ದಿನ ಖುಷಿಯಾಗಿತ್ತು. ಆ ಖುಷಿ ಸ್ಟ್ಯಾಟಿಸ್ಟಿಕ್ಸ್ ತರಗತಿ ಶುರುವಾಗುವ ತನಕ ಇತ್ತು.

ಸೈಕಾಲಜಿ ಅಂದರೆ ಎದುರಿಗೆ ಕೂತವರ ಮನಸ್ಸಿನಲ್ಲಿ ಏನಿದೆ ಅಂತ ಹೇಳುವುದು, ಅವರ ಕಷ್ಟ ಕೇಳಿ ಸಮಾಧಾನ ಮಾಡುವುದು ಎಂದು ಈಗಲೂ ತುಂಬ ಜನ ತಿಳಿದಿದ್ದಾರೆ. ಮದುವೆ ಮನೆಯಲ್ಲಿ, "ಹಂಗಾದ್ರೆ ನಾನೀಗ ಏನ್ ಯೋಚ್ನೆ ಮಾಡ್ತಿದೀನಿ ಹೇಳಿ ನೋಡೋಣ" ಎಂದವರು ಹತ್ತು ಜನರಾದರೂ ಇರಬಹುದು. ಅಸಲಿಗೆ ನಮಗೆ ಮೊದಲು ಸಿಕ್ಕಿದ್ದು ಸ್ಟ್ಯಾಂಡರ್ಡ್ ಡೀವಿಯೇಷನ್ನು, ಟಿ-ಟೆಸ್ಟು, ಕೈ-ಸ್ಕ್ವೇರು. ಕಾಮರ್ಸ್ ಓದುತ್ತಿದ್ದ ಮಗಳು ರಾತ್ರಿ ಊಟದ ಮೇಜಿನ ಮೇಲೆ ನನಗೆ ಪಾಠ ಹೇಳಿಕೊಟ್ಟಳು. "ಅಮ್ಮ, ಇಷ್ಟೂ ಗೊತ್ತಾಗಲ್ವಾ?" ಅಂತ ಅವಳು ಕೇಳುವ ಧಾಟಿ ಥೇಟ್ ನಂದೇ. ಅವಳು ಐದನೇ ಕ್ಲಾಸಿನಲ್ಲಿದ್ದಾಗ ಭಿನ್ನರಾಶಿ ಹೇಳಿಕೊಡುವಾಗ ನಾನು ಹಾಗೇ ಕೇಳುತ್ತಿದ್ದೆನಲ್ಲ, ಅದೆಲ್ಲ ಬಡ್ಡಿ ಸಮೇತ ವಾಪಸ್ ಬಂತು.

ಪ್ರಯೋಗಾಲಯ ಮಾತ್ರ ಮಜವಾಗಿತ್ತು. ಮಿರರ್ ಡ್ರಾಯಿಂಗ್ ಅಂತ ಒಂದು ಪ್ರಯೋಗ. ಕಾಗದದ ಮೇಲೆ ನಕ್ಷತ್ರದ ಚಿತ್ರ ಇರುತ್ತದೆ, ಅದು ನೇರವಾಗಿ ಕಾಣದಂತೆ ಅಡ್ಡ ಇಟ್ಟಿರುತ್ತಾರೆ. ಕನ್ನಡಿಯಲ್ಲಿ ನೋಡಿಕೊಂಡೇ ಗೆರೆ ತಪ್ಪದೆ ಪೆನ್ಸಿಲ್ ಓಡಿಸಬೇಕು. ಬಲಕ್ಕೆ ಹೋಗು ಎಂದರೆ ಕೈ ಎಡಕ್ಕೆ ಎಳೆಯುತ್ತದೆ. ಮೂಲೆಯಲ್ಲಿ ಸಿಕ್ಕಿಕೊಂಡರೆ ಮುಗಿಯಿತು, ಕೈ ನಮ್ಮದೇ ಅಲ್ಲವೇನೋ ಅನ್ನಿಸುತ್ತದೆ. ಹತ್ತು ಸಲ ಮಾಡಿದ ಮೇಲೆ ತಪ್ಪು ಕಡಿಮೆಯಾಗುತ್ತಾ ಬರುತ್ತದೆ. ಕಲಿಕೆ ಹೇಗೆ ನಡೆಯುತ್ತದೆ ಎಂದು ತೋರಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಯಜಮಾನರ ಷರತ್ತು ಮುರಿದು ಅವರ ಮೇಲೂ ಮಾಡಿದೆ. ಮೂರನೇ ಸಲಕ್ಕೆ ಪೆನ್ಸಿಲ್ ಎಸೆದು ಎದ್ದರು.

ತರಗತಿಯಲ್ಲಿ ಎಲ್ಲರೂ ಇಪ್ಪತ್ತೊಂದು, ಇಪ್ಪತ್ತೆರಡು ವರ್ಷದವರು. ಮೊದಲ ವಾರ ನನ್ನನ್ನು ಮೇಡಂ ಅಂದುಕೊಂಡು ಎದ್ದು ನಿಂತಿದ್ದರು. ಆಮೇಲೆ 'ಆಂಟಿ' ಆದೆ, ಎರಡನೇ ಸೆಮಿಸ್ಟರಿಗೆ ಬಡ್ತಿ ಸಿಕ್ಕಿ 'ಅಕ್ಕ' ಆದೆ. ಅವರಿಗೆ ಇಂಗ್ಲಿಷ್ ಸರಾಗ. ನನಗೆ ಪುಸ್ತಕದ ಇಂಗ್ಲಿಷ್ ಅರ್ಥವಾಗುತ್ತದೆ, ಆದರೆ ಒಂದು ಪುಟ ಓದುವಷ್ಟರಲ್ಲಿ ಅವರು ಮೂರು ಪುಟ ಮುಗಿಸಿರುತ್ತಿದ್ದರು. ಅದಕ್ಕೇ ಒಂದು ಉಪಾಯ ಮಾಡಿಕೊಂಡೆ. ಇನ್ನೂರು ಪುಟದ ನೋಟ್‌ಬುಕ್ ತಂದು ಎಡಗಡೆ ಪುಟದಲ್ಲಿ ಇಂಗ್ಲಿಷ್ ನೋಟ್ಸು, ಬಲಗಡೆ ಪುಟದಲ್ಲಿ ಅದನ್ನೇ ನಮ್ಮ ಮನೆಯಲ್ಲಿ ಹೇಗೆ ಹೇಳುತ್ತೇವೋ ಹಾಗೆ.

ಇದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಡಿಪ್ರೆಷನ್ನಿಗೆ ಖಿನ್ನತೆ, ಆಂಗ್ಸೈಟಿಗೆ ಆತಂಕ ಎಂದು ಪದಕೋಶದಲ್ಲಿದೆ. ಆದರೆ ನಮ್ಮ ಬೀದಿಯಲ್ಲಿ ಯಾರಾದರೂ "ನನಗೆ ಖಿನ್ನತೆಯಾಗಿದೆ" ಎಂದು ಹೇಳಿದ್ದನ್ನು ನಾನು ಕೇಳಿಲ್ಲ. "ಬೇಜಾರು" ಅನ್ನುತ್ತಾರೆ. ಆ ಒಂದು ಮಾತಿನೊಳಗೆ ಏನೆಲ್ಲ ಇದೆ ನೋಡಿ. ಟಿವಿಯಲ್ಲಿ ಒಳ್ಳೇ ಧಾರಾವಾಹಿ ಇಲ್ಲದಿದ್ದರೂ ಬೇಜಾರು, ನೆಂಟರು ಮಾತಾಡಿಸದೇ ಹೋದರೂ ಬೇಜಾರು, ಬದುಕೇ ಸಾಕು ಅನ್ನಿಸಿದರೂ ಬೇಜಾರು. ಕೇಳುವವರು ಯಾವ ಬೇಜಾರು ಎಂದು ವಿಚಾರಿಸಬೇಕು, ಯಾರೂ ವಿಚಾರಿಸುವುದಿಲ್ಲ.

ಕನ್ನಡದಲ್ಲಿ ಇದನ್ನೆಲ್ಲ ಬರೆದವರೇ ಇಲ್ಲ ಎಂದೇನಲ್ಲ. 'ಕೊರವಂಜಿ'ಯ ರಾಶಿ ನಿಮಗೆ ಗೊತ್ತಿರಬಹುದು, ಡಾ. ಎಂ. ಶಿವರಾಂ. ನಗಿಸುವುದರಲ್ಲಿ ಹೆಸರಾದ ಆ ವೈದ್ಯರೇ 'ಮನಮಂಥನ' ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳು ನಮ್ಮಂಥವರ ಮನೆಗೂ ಬಂದಿವೆ. ಪರೀಕ್ಷೆಗೆ ಇವು ಬರುವುದಿಲ್ಲ, ಆದರೆ ಪಠ್ಯಪುಸ್ತಕದಲ್ಲಿ ತಲೆಗೆ ಹೋಗದ್ದು ಎಷ್ಟೋ ಸಲ ಇಲ್ಲಿ ಹೋಯಿತು.

ಇನ್ನೊಂದು ಸಂಗತಿ ನನಗೆ ಗಂಗೋತ್ರಿಗೆ ಬರುವ ತನಕ ಗೊತ್ತಿರಲಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ, ಮಹಾರಾಜ ಕಾಲೇಜಿನಲ್ಲಿ. ನಮ್ಮ ದೇಶದಲ್ಲಿ ಕಲ್ಕತ್ತ ಬಿಟ್ಟರೆ ಇದೇ ಮೊದಲು. ಅದನ್ನು ಕಟ್ಟಿದವರು ಡಾ. ಎಂ. ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಹತ್ತಿರ ಕಲಿತು ಬಂದವರು. ಬುದ್ಧಿಶಕ್ತಿಯ ಪಾಠ ಬಂದಾಗಲೆಲ್ಲ ಸ್ಪಿಯರ್‌ಮನ್ ಹೆಸರು ಬಂದೇ ಬರುತ್ತದೆ, ಇವರ ಶಿಷ್ಯರೊಬ್ಬರು ನಾನು ದಿನಾ ಹಾದುಹೋಗುವ ಕಾಲೇಜಿನಲ್ಲಿ ಪಾಠ ಮಾಡಿದ್ದರೆಂದು ತಿಳಿದಾಗ ಪುಸ್ತಕ ಸ್ವಲ್ಪ ಹತ್ತಿರ ಬಂದ ಹಾಗಾಯಿತು.

ಆ ಗೋಪಾಲಸ್ವಾಮಿಯವರೇ 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ 30 ವ್ಯಾಟಿನ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೊ ಕೇಂದ್ರ ಶುರು ಮಾಡಿದರು. ಅದೇ ನಮ್ಮ 'ಆಕಾಶವಾಣಿ'. ಹೆಸರು ಸೂಚಿಸಿದ್ದು ನಾ. ಕಸ್ತೂರಿ ಎಂದು ಮೈಸೂರಿನವರು ಹೇಳುತ್ತಾರೆ. ಕೆಲವು ವರ್ಷ ಸ್ವಂತ ಕೈಯಿಂದ ನಡೆಸಿದ ಮೇಲೆ 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು, ಮುಂದೆ ಆ ಹೆಸರು ಇಡೀ ದೇಶದ ಬಾನುಲಿಗೇ ಬಂತು. ಒಂದು ಮಧ್ಯಾಹ್ನ ತರಗತಿ ಇಲ್ಲದಾಗ ಯಾದವಗಿರಿಗೆ ನಡೆದುಕೊಂಡು ಹೋಗಿ ಈಗಿನ ಆಕಾಶವಾಣಿ ಕೇಂದ್ರದ ಗೇಟಿನ ಮುಂದೆ ನಿಂತು ಬಂದೆ. ಮನಸ್ಸಿನ ಪಾಠ ಹೇಳುವ ಮೇಷ್ಟ್ರಿಗೆ ರೇಡಿಯೊ ಯಾಕೆ ಬೇಕಾಯಿತು ಅಂತ ಯೋಚಿಸುತ್ತಾ. ಕಾವಲಿನವರು "ಯಾರ್ ಬೇಕಿತ್ತಮ್ಮ?" ಅಂದರು. "ಯಾರೂ ಇಲ್ಲ, ಸುಮ್ನೆ" ಅಂದೆ.

ಮೂರನೇ ಸೆಮಿಸ್ಟರಿನಲ್ಲಿ ನಮ್ಮನ್ನು ಮೈಸೂರಿನ ಒಂದು ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕಳಿಸಿದರು. ಹಿರಿಯರ ಉಸ್ತುವಾರಿಯಲ್ಲಿ ಕೇಸ್ ಹಿಸ್ಟರಿ ಬರೆದುಕೊಳ್ಳಬೇಕು, ಪ್ರಶ್ನಾವಳಿ ಓದಿ ಉತ್ತರ ಗುರುತು ಹಾಕಿಕೊಳ್ಳಬೇಕು. ಚಾಮರಾಜನಗರದ ಕಡೆಯ ಒಬ್ಬ ಅಜ್ಜಿ ಬಂದರು (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ). ನಿದ್ದೆ ಇಲ್ಲ, ಊಟ ಸೇರದು, ಮೈಯೆಲ್ಲ ನೋವು. ಊರೂರು ತಿರುಗಿ ರಕ್ತ, ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಆಗಿತ್ತು. ಯಾವುದರಲ್ಲೂ ಏನೂ ಇಲ್ಲ. ನಾನು ಪ್ರಶ್ನಾವಳಿ ಹಿಡಿದು, ಕಳೆದ ಎರಡು ವಾರದಲ್ಲಿ ಕೆಲಸಕಾರ್ಯಗಳಲ್ಲಿ ಆನಂದ ಕಡಿಮೆಯಾಗಿದೆಯೇ ಎಂದು ಓದಿದೆ.

ಅಜ್ಜಿ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಆನಂದ ಅಂದ್ರ ಯಾರವ್ವ? ನಮ್ಮಟ್ಟೀಲಿ ಆ ಹೆಸ್ರುನೋರು ಯಾರೂ ಇಲ್ವಲ್ಲ."

ಪಕ್ಕದಲ್ಲಿದ್ದ ನನ್ನ ಸಹಪಾಠಿಗೆ ನಗು ಬಂತು. ನನಗೂ ಬಂತು, ಆದರೆ ಅಜ್ಜಿಯ ಕಣ್ಣು ನೋಡಿ ಅಲ್ಲೇ ನಿಂತಿತು. ಕಾಗದ ಮಡಿಚಿಟ್ಟು ಕೇಳಿದೆ: "ಹಬ್ಬ ಬಂದ್ರೆ ಮುಂಚಿನ ಹಂಗೆ ಏನಾದ್ರೂ ಮಾಡ್ಬೇಕು, ನಾಲ್ಕು ಜನಕ್ಕೆ ಬಡಿಸ್ಬೇಕು ಅನ್ಸುತ್ತಾ ಅಜ್ಜಿ?"

"ಹಬ್ಬ ಯಾವಾಗ ಬತ್ತು, ಯಾವಾಗ ಓಯ್ತು ಗೊತ್ತಾಗಕಿಲ್ಲ ಕನವ್ವ. ವಲ ಮುಂದ ಕೂತ್ಕತೀನಿ. ಬೆಂಕಿ ಅತ್ಸಕ ಮನ್ಸೇ ಬರಲ್ಲ. ಯಾಕ ಅತ್ಸಬೇಕು ಅನ್ಸತದ."

ಆಮೇಲೆ ಅವರು ನಿಲ್ಲಲಿಲ್ಲ. ಎದೆಯೊಳಗೆ ತಕತಕ ಕುಣಿದಂಗಾಗುವುದು, ತಲೆಯೊಳಗೆ ಇರುವೆ ಹರಿದಂಗಾಗುವುದು, ಬೆಳಗಿನ ಜಾವ ಕೋಳಿ ಕೂಗುವ ಮುಂಚೆ ಜೀವ ಝಲ್ಲೆನ್ನುವುದು. ಪ್ರಶ್ನಾವಳಿಯ ಅಷ್ಟೂ ಪ್ರಶ್ನೆಗಳಿಗೆ ಉತ್ತರ ಅವರ ಮಾತಿನಲ್ಲೇ ಇತ್ತು, ಬೇರೆ ಕ್ರಮದಲ್ಲಿ.

ನಾನು ದೊಡ್ಡ ಸಾಧನೆ ಮಾಡಿದವಳ ಹಾಗೆ ಇದನ್ನು ನಮ್ಮ ಮಾರ್ಗದರ್ಶಕರಿಗೆ ಹೇಳಿದೆ. ಅವರು ಹೊಗಳಲಿಲ್ಲ. "ಪ್ರಶ್ನೆ ನಿಮಗೆ ಬೇಕಾದ ಹಾಗೆ ಬದಲಿಸಿದ್ರೆ ಆ ಅಂಕಕ್ಕೆ ಬೆಲೆ ಇರಲ್ಲ. ಒಬ್ಬೊಬ್ಬರು ಒಂದೊಂದು ಥರ ಕೇಳಿದ್ರೆ ಹೋಲಿಸೋದು ಹೇಗೆ?" ಅಂದರು. ಸರಿಯಾದ ಮಾತೇ. ಅಳತೆಗೋಲು ಎಲ್ಲರಿಗೂ ಒಂದೇ ಇರಬೇಕು. ಆಮೇಲೆ ಕೇಳಿದರು: "ಆ ಅಜ್ಜಿ ಹೇಳಿದ್ದನ್ನ ಅವರ ಮಾತಲ್ಲೇ ಬರ್ಕೊಂಡ್ರಾ?" ಬರೆದುಕೊಂಡಿದ್ದೆ. "ಅದನ್ನ ಬಿಡ್ಬೇಡಿ" ಅಂದರು.

ಅವತ್ತಿನಿಂದ ನೋಟ್‌ಬುಕ್ಕಿನ ಬಲಗಡೆ ಪುಟಗಳು ಬೇಗ ಬೇಗ ತುಂಬತೊಡಗಿದವು. ಬರೆದವರು ನಾನೊಬ್ಬಳೇ ಅಲ್ಲ. ಅಮ್ಮನಿಗೆ ಇಂಗ್ಲಿಷ್ ಬಾರದು, ಕನ್ನಡ ಅಚ್ಚುಕಟ್ಟಾಗಿ ಓದುತ್ತಾಳೆ. ನಾನು ಅಡುಗೆಮನೆಯಲ್ಲಿರುವಾಗ ಕನ್ನಡಕ ಹಾಕಿಕೊಂಡು ನೋಟ್‌ಬುಕ್ ತೆಗೆದು ಬಲಗಡೆ ಪುಟ ಮಾತ್ರ ಓದುವುದು ಅಭ್ಯಾಸವಾಯಿತು. ಒಂದು ದಿನ ಅಲ್ಲಿಂದಲೇ ಕೂಗಿದಳು. "ಏನೇ ಇದು, ಆತಂಕ ಅಂತ ಬರ್ದು ಬಿಟ್ಟಿದ್ಯಲ್ಲ. ತಳಮಳ ಅಂತ ಬರ್ಕೋ. ಎರಡೂ ಬೇರೆ." ಇನ್ನೊಂದು ದಿನ, "ಕೊರಗು ಅನ್ನೋದು ಬೇರೆ, ಮಂಕು ಅನ್ನೋದು ಬೇರೆ. ಕೊರಗೋನಿಗೆ ಯಾಕೆ ಅಂತ ಗೊತ್ತಿರುತ್ತೆ. ಮಂಕು ಬಡಿದೋನಿಗೆ ಗೊತ್ತಿರಲ್ಲ." ನಾನು ಖುಷಿಯಿಂದ ಬರೆದುಕೊಂಡೆ. ಈ ಸೂಕ್ಷ್ಮವೆಲ್ಲ ಇವಳಿಗೆ ಹೇಗೆ ಗೊತ್ತು ಅಂತ ಒಮ್ಮೆಯೂ ಕೇಳಲಿಲ್ಲ. ಒಂದೂವರೆ ವರ್ಷ ಮನಶ್ಶಾಸ್ತ್ರ ಓದಿದ ಮಹಾತಾಯಿ ನಾನು!

ಕೇಳಬೇಕಾದ ಇನ್ನೂ ಒಂದು ವಿಷಯ ಮನೆಯಲ್ಲೇ ಇತ್ತು. ಬೌಲ್ಬಿ, ಐನ್ಸ್‌ವರ್ತ್ ಅವರ ಪಾಠ ಓದುವಾಗ ತಾಯಿ ಮಗುವಿನ ಬಂಧ ಮೊದಲ ವರ್ಷದಲ್ಲಿ ಹೇಗೆ ಬೆಳೆಯುತ್ತದೆ ಎಂದು ಬರುತ್ತದೆ. ನನಗೆ ನನ್ನ ತಮ್ಮ ನೆನಪಾದ. ಅವನು ಸ್ಕೂಲಿಗೆ ಸೇರುವ ತನಕ ನಮ್ಮ ಸೋದರತ್ತೆಯನ್ನೇ ಅಮ್ಮ ಅನ್ನುತ್ತಿದ್ದ. ಅವನಿಗೆ ಜ್ವರ ಬಂದರೆ ಅಮ್ಮ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು, ಒಳಗೆ ಹೋಗಿ ಹಣೆ ಮುಟ್ಟುತ್ತಿದ್ದದ್ದು ಅತ್ತೆ. ನನ್ನನ್ನು ಬೈದಷ್ಟು ಅವನನ್ನು ಅಮ್ಮ ಬೈದದ್ದಿಲ್ಲ. ಗಂಡುಮಗ ಅಂತ ಮುದ್ದು ಅಂದುಕೊಂಡು ನಾನು ಹೊಟ್ಟೆಕಿಚ್ಚು ಪಟ್ಟಿದ್ದೆ. ಅವನು ಹುಟ್ಟಿದಾಗ ಅಮ್ಮನಿಗೆ ಟೈಫಾಯ್ಡ್ ಆಗಿ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಳು ಎಂಬುದು ನಮ್ಮ ಮನೆಯ ಕಥೆ. ಆಗ ನನಗೆ ನಾಲ್ಕು ವರ್ಷ.

ಕೊನೆಯ ಸೆಮಿಸ್ಟರಿಗೆ ಮುಂಚೆ ತರಗತಿಯವರೆಲ್ಲ ಸೇರಿ ಬಸ್ಸು ಮಾಡಿಕೊಂಡು ನಿಮ್ಹಾನ್ಸ್ ನೋಡಲು ಬೆಂಗಳೂರಿಗೆ ಹೋದೆವು. ಮೈಸೂರು ಬಿಟ್ಟಾಗ ಇನ್ನೂ ಕತ್ತಲು. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮದ್ದೂರು ಎಲ್ಲಿ ಬಂತು ಎಲ್ಲಿ ಹೋಯಿತು ತಿಳಿಯುವುದಿಲ್ಲ, ವಡೆ ತಿನ್ನುವ ಆಸೆ ಇದ್ದವರು ಮನಸ್ಸು ಮಾಡಿ ಕೆಳಗಿಳಿಯಬೇಕು. ಡ್ರೈವರ್ ಮನಸ್ಸು ಮಾಡಲಿಲ್ಲ.

ಹೊಸೂರು ರಸ್ತೆಯ ಆ ಆವರಣ ಹೊರಗಿನಿಂದ ನೋಡಿದವರಿಗೆ ಬರೀ ಕಾಂಪೌಂಡು, ಮರ. ಮಾನಸಿಕ ಆಸ್ಪತ್ರೆ ಮೊದಲೇ ಇತ್ತು. 1954ರಲ್ಲಿ ಅಲ್ಲಿಯೇ ತರಬೇತಿಗೆಂದು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಮಿದುಳಿನ ವಸ್ತುಸಂಗ್ರಹಾಲಯದಲ್ಲಿ ಕೈಗವಸು ಹಾಕಿಸಿ ನಿಜವಾದ ಮನುಷ್ಯನ ಮಿದುಳನ್ನು ಕೈಗೆ ಕೊಟ್ಟರು. ಒಂದೂಕಾಲು, ಒಂದೂವರೆ ಕೇಜಿಯೊಳಗೆ ಇರುತ್ತದೆ. ನೋಡಲು ಮೆತ್ತಗಿರಬಹುದು ಅನ್ನಿಸಿತ್ತು, ರಾಸಾಯನಿಕದಲ್ಲಿಟ್ಟು ಗಟ್ಟಿಯಾಗಿತ್ತು. ನಮ್ಮ ಹುಡುಗರು ಮಾತು ನಿಲ್ಲಿಸಿದ್ದು ಆ ಇಡೀ ದಿನದಲ್ಲಿ ಅದೊಂದು ಹೊತ್ತು ಮಾತ್ರ. ಇದರೊಳಗೆ ಯಾರ ಯಾರ ಹೆಸರು ಇತ್ತೋ, ಯಾವ ಊರಿನ ದಾರಿ ಇತ್ತೋ.

ಹೊರರೋಗಿ ವಿಭಾಗದ ಹತ್ತಿರ ಕಂಡ ಜನವೇ ನನಗೆ ಹೆಚ್ಚು ನೆನಪಿದೆ. ಉತ್ತರ ಕರ್ನಾಟಕದಿಂದ ರಾತ್ರಿ ಬಸ್ಸಿನಲ್ಲಿ ಬಂದವರು, ಆಂಧ್ರದವರು, ತಮಿಳುನಾಡಿನವರು. ರೊಟ್ಟಿ ಗಂಟು, ನೀರಿನ ಬಾಟಲಿ, ಹಳೆಯ ರಿಪೋರ್ಟುಗಳ ಪ್ಲಾಸ್ಟಿಕ್ ಚೀಲ. ಪ್ರತಿಯೊಬ್ಬ ರೋಗಿಯ ಪಕ್ಕದಲ್ಲೂ ಮನೆಯವರು ಒಬ್ಬರು ಇದ್ದರು. ಯಾರ ಮುಖದಲ್ಲಿ ಸುಸ್ತು ಹೆಚ್ಚು ಎಂದು ಹೇಳುವುದು ಕಷ್ಟವಿತ್ತು.

ಅಲ್ಲಿಯ ಕೆಲಸಗಳ ಬಗ್ಗೆ ತಿಳಿಸುವಾಗ ತಾಯಿ-ಮಗು ವಾರ್ಡಿನ ವಿಷಯ ಬಂತು. ಹೆರಿಗೆಯಾದ ಮೇಲೆ ತೀವ್ರ ಮಾನಸಿಕ ಕಾಯಿಲೆ ಬಂದ ತಾಯಂದಿರನ್ನು ಮಗುವಿನ ಸಮೇತ ಸೇರಿಸಿಕೊಳ್ಳುವ ವಾರ್ಡು. ನಿಮ್ಹಾನ್ಸ್‌ನಲ್ಲಿ 2009ರಲ್ಲಿ ಶುರುವಾಯಿತು, ದೇಶದಲ್ಲಿ ಮೊದಲನೆಯದು. ಸಾವಿರ ಹೆರಿಗೆಗೆ ಒಬ್ಬಿಬ್ಬರಿಗೆ ಪೋಸ್ಟ್‌ಪಾರ್ಟಮ್ ಸೈಕೋಸಿಸ್ ಬರುತ್ತದೆ, ಬೇಗ ಚಿಕಿತ್ಸೆ ಕೊಟ್ಟರೆ ಹೆಚ್ಚಿನವರು ಚೆನ್ನಾಗಿ ಗುಣವಾಗುತ್ತಾರೆ. ವಾರ್ಡಿನ ಒಳಗೆ ನಮ್ಮನ್ನು ಬಿಡಲಿಲ್ಲ, ಬಿಡಬಾರದು ಕೂಡ. ವಾಪಸ್ ಬರುವಾಗ ಬಸ್ಸಿನಲ್ಲಿ ಎಡಗಡೆ ಪುಟದಲ್ಲಿ ಇದನ್ನೆಲ್ಲ ಬರೆದೆ. ಬಲಗಡೆ ಪುಟಕ್ಕೆ ಏನು ಬರೆಯುವುದು ಎಂದು ಯೋಚಿಸಬೇಕಾಗಿಯೇ ಬರಲಿಲ್ಲ. ಬಾಣಂತಿ ಸನ್ನಿ. ನಮ್ಮಜ್ಜಿ ಸಿಟ್ಟು ಬಂದರೆ "ನಿಂಗೇನು ಸನ್ನಿ ಹಿಡಿದಿದ್ಯಾ?" ಅನ್ನುತ್ತಿದ್ದರು, ಆ ಮಾತು ಕೇಳಿದರೆ ಅಮ್ಮ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಆ ಹೊತ್ತಿಗೂ ನನಗೆ ಹೊಳೆಯಲಿಲ್ಲ ಅಂದರೆ ನಂಬುತ್ತೀರಾ? ಅದರ ಕೆಳಗೆ 'ತಾಯಿ ಮಗು ಜೊತೆಗೇ ಇರುವ ವಾರ್ಡು' ಎಂದು ಬರೆದು ನಿದ್ದೆ ಹೋದೆ.

ಎರಡು ದಿನ ಕಳೆದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಅಮ್ಮ ನೋಟ್‌ಬುಕ್ ಹಿಡಿದು ನನ್ನ ಹತ್ತಿರ ಬಂದಳು. ಬೆರಳು ಆ ಸಾಲಿನ ಮೇಲಿತ್ತು.

"ಇದು ನಿಜವೇನೇ? ಮಗೂನ ಜೊತೆಲೇ ಇಟ್ಕೋತಾರಾ?"

"ಹೂಂ ಅಮ್ಮ. ಈಗ ಹಾಗೆ ಮಾಡ್ತಾರೆ."

"ತಾಯಿ ಏನಾದ್ರೂ ಮಾಡ್ಬಿಟ್ರೆ?"

"ನರ್ಸ್‌ಗಳು ಇರ್ತಾರೆ. ಮನೆಯವರೂ ಒಬ್ಬರು ಇರ್ತಾರೆ."

ಅಮ್ಮ ಮಂಚದ ತುದಿಯಲ್ಲಿ ಕೂತಳು. "ನಾನು ಏನೂ ಮಾಡ್ತಿರ್ಲಿಲ್ಲ ಕಣೇ" ಅಂದಳು. "ಆ ಮಗು ನಂದಲ್ಲ ಅನ್ನಿಸ್ತಿತ್ತು. ಯಾರೋ ಬದಲಾಯಿಸಿಬಿಟ್ಟಿದಾರೆ ಅಂತ. ಅಷ್ಟೇ."

ಹೆರಿಗೆಯಾಗಿ ವಾರವಾಗುವಷ್ಟರಲ್ಲಿ ನಿದ್ದೆ ಹೋಗಿತ್ತಂತೆ. ರಾತ್ರಿಯೆಲ್ಲ ಎದ್ದು ಓಡಾಡುವುದು, ಒಬ್ಬಳೇ ಮಾತಾಡುವುದು. ಅಜ್ಜಿ ತಾಯತ ಕಟ್ಟಿಸಿದರು. ಹಸಿ ಮೈಯಲ್ಲಿ ಶ್ರೀಕಂಠೇಶ್ವರನ ಗುಡಿಗೆ ಕರೆದುಕೊಂಡು ಹೋಗಿ ಉರುಳುಸೇವೆ ಮಾಡಿಸಿದರು. ನಮ್ಮ ಊರಿನ ದೇವರಿಗೆ ಹಕೀಂ ನಂಜುಂಡ ಎಂದೇ ಹೆಸರು, ಟಿಪ್ಪುವಿನ ಆನೆಯ ಕಣ್ಣು ವಾಸಿಮಾಡಿದ ದೇವರು. ಅಜ್ಜಿಯನ್ನು ನಾನು ಬೈಯಲಾರೆ. ಅವರಿಗೆ ಗೊತ್ತಿದ್ದ ಆಸ್ಪತ್ರೆ ಅದೇ. ಹೆರಿಗೆ ಮಾಡಿಸಿದ ನರ್ಸಮ್ಮ ಅಪ್ಪನನ್ನು ಪಕ್ಕಕ್ಕೆ ಕರೆದು, ತಡ ಮಾಡಬೇಡಿ, ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಂದರಂತೆ. ಅಲ್ಲಿ ಐದು ವಾರ. ಚೆನ್ನಾಗಿ ನೋಡಿಕೊಂಡರು ಎಂದಳು, ಒಬ್ಬರು ಆಯಾ ದಿನಾ ತಲೆ ಬಾಚಿ ಜಡೆ ಹಾಕುತ್ತಿದ್ದರಂತೆ. ಮಗುವನ್ನು ಕಳಿಸುವುದು ಬೇಡ ಎಂದು ನಿರ್ಧಾರ ಮಾಡಿದ್ದು ಮನೆಯ ದೊಡ್ಡವರು.

"ವಾಪಸ್ ಬಂದಾಗ ನಿನ್ನತ್ತೆ ಅವನನ್ನ ನನ್ನ ಕೈಗೆ ಕೊಟ್ಟಳು. ಅವನು ಹೆದರ್ಕೊಂಡು ಅತ್ತ. ನಾನು ವಾಪಸ್ ಕೊಟ್ಬಿಟ್ಟೆ." ಸ್ವಲ್ಪ ಹೊತ್ತು ಬಿಟ್ಟು, "ಆಗ ಕೊಟ್ಟವಳು ಆಮೇಲೆ ಸರಿಯಾಗಿ ಈಸ್ಕೊಳ್ಳೋಕೇ ಆಗ್ಲಿಲ್ಲ" ಅಂದಳು.

ಕೇಸ್ ಹಿಸ್ಟರಿ ಬರೆಯುವ ಕ್ರಮ, ಮಧ್ಯೆ ಬಾಯಿ ಹಾಕಬಾರದು, ಮೌನಕ್ಕೆ ಹೆದರಬಾರದು ಎಂದೆಲ್ಲ ಕಲಿತಿದ್ದೆ. ಅವತ್ತು ರಾತ್ರಿ ಏನೂ ನೆನಪಿಗೆ ಬರಲಿಲ್ಲ. ಅಮ್ಮನ ಕೈ ಹಿಡಿದುಕೊಂಡು ಕೂತಿದ್ದೆ. ಟೈಫಾಯ್ಡ್ ಅಂತ ಹೇಳಿದ್ದು ಯಾರು ಎಂದು ಕೇಳಿದೆ. "ನಿಮ್ಮಪ್ಪ. ನಿನ್ನ ಮದುವೆಗೆ ತೊಂದ್ರೆ ಆಗ್ಬಾರ್ದು ಅಂತ" ಅಂದಳು. ನಲವತ್ತು ವರ್ಷ ಆ ಟೈಫಾಯ್ಡು ನಮ್ಮ ಮನೆಯಲ್ಲಿ ಇತ್ತು.

ನಾನು ಈ ಓದಿಗೆ ಸೇರಿದ್ದು ಗೊತ್ತಾಗಿ ಎಷ್ಟೋ ಹೆಂಗಸರು ವಿಚಾರಿಸುತ್ತಾರೆ, ಅವರಿಗಾಗಿ ಎರಡು ಮಾತು. ಎರಡು ವರ್ಷ, ನಾಲ್ಕು ಸೆಮಿಸ್ಟರು. ಬಿಎ ಅಥವಾ ಬಿಎಸ್ಸಿಯಲ್ಲಿ ಈ ವಿಷಯ ಓದಿರಬೇಕೇ ಬೇಡವೇ ಎನ್ನುವುದು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ, ಸೇರುವ ಮುಂಚೆ ಕೇಳಿಕೊಳ್ಳಿ. ಎಂಎಸ್ಸಿ ಮುಗಿಸಿದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕುವಂತಿಲ್ಲ, ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ತರಬೇತಿ, ನೋಂದಣಿ ಬೇರೆ ಆಗಬೇಕು. ಔಷಧ ಬರೆಯುವವರು ಸೈಕಿಯಾಟ್ರಿಸ್ಟ್, ಅವರು ಎಂಬಿಬಿಎಸ್ ಓದಿದ ವೈದ್ಯರು. ಇನ್ನು, ನಿಮಗೋ ಮನೆಯವರಿಗೋ ಮನಸ್ಸು ತೀರಾ ಕೆಟ್ಟಿದ್ದರೆ ನನ್ನಂಥ ಅರ್ಧ ಕಲಿತವರನ್ನು ಕೇಳಬೇಡಿ. ಟೆಲಿ ಮಾನಸ್ ಸಂಖ್ಯೆ 14416 ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬಾಣಂತಿ ನಾಲ್ಕು ದಿನದಿಂದ ನಿದ್ದೆಯೇ ಇಲ್ಲದೆ ಏನೇನೋ ಮಾತಾಡುತ್ತಿದ್ದರೆ ಮಾತ್ರ ಫೋನಿಗೂ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಾಜೆಕ್ಟ್ ವರದಿ ಒಪ್ಪಿಸುವ ದಿನ ಅಮ್ಮ ತಾನೂ ಬರುತ್ತೇನೆ ಎಂದು ಸೀರೆ ಉಟ್ಟು ನಿಂತಳು. ರೈಲಿನಲ್ಲಿ ಕಿಟಕಿ ಪಕ್ಕ ಕೂರಿಸಿದೆ. ಚಾಮರಾಜಪುರಂನಿಂದ ಆಟೊದಲ್ಲಿ ಹೋದೆವು. ಅವಳಿಗೆ ವಿಭಾಗ ತೋರಿಸಿದೆ, ಮಿರರ್ ಡ್ರಾಯಿಂಗ್ ಪೆಟ್ಟಿಗೆ ತೋರಿಸಿದೆ. "ಇಷ್ಟೇನಾ?" ಅಂದಳು. ಕೆಲಸ ಮುಗಿಸಿ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಕೂತೆವು. ಹೆಜ್ಜಾರ್ಲೆಗಳು ನೀರಿನ ಮೇಲೆ ದೋಣಿಯ ಹಾಗೆ ತೇಲುತ್ತಿದ್ದವು. ಡಬ್ಬಿಯಲ್ಲಿ ತಂದಿದ್ದ ಚಿತ್ರಾನ್ನ ತಿಂದೆವು.

"ನಿನ್ ತಮ್ಮನಿಗೆ ಹೇಳಿದ್ಯಾ?" ಅಂದಳು.

"ಇಲ್ಲ ಅಮ್ಮ."

"ಹೇಳ್ಬೇಡ. ಯುಗಾದಿಗೆ ಬರ್ತಾನಲ್ಲ, ನಾನೇ ಹೇಳ್ತೀನಿ." ಡಬ್ಬಿಯ ಮುಚ್ಚಳ ಹಾಕಿ, ಬಾಯಿ ಒರೆಸಿಕೊಂಡು, "ಆ ಪುಸ್ತಕ ಇಟ್ಟಿರು. ಅವನಿಗೆ ಆ ಪುಟ ತೋರಿಸ್ಬೇಕು" ಅಂದಳು.

ಆಮೇಲೆ ರೈಲು ಎಷ್ಟು ಹೊತ್ತಿಗೆ ಅಂತ ಕೇಳಿದಳು. ಇನ್ನೂ ಒಂದು ಗಂಟೆ ಇತ್ತು. ನಡೆದೇ ಹೋಗೋಣ ಅಂದಳು.